ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವವರು ಯಾರು?

ಕಳೆದ ವಾರ ನಮ್ಮ ಸ್ಟಾಫ್ ರೂಮಲ್ಲಿ ಮತ್ತೆ ಅದೇ ಮಾತು. ಬಿ.ಎಡ್. ಇನ್ನು ಒಂದೇ ವರ್ಷವಂತೆ ಅಂತ ಒಬ್ಬರು. ಇಲ್ಲ, ನಾಲ್ಕು ವರ್ಷವಂತೆ ಅಂತ ಇನ್ನೊಬ್ಬರು. ನಮ್ಮ ಇಂಗ್ಲಿಷ್ ಮೇಡಂ ಮಗಳು ಈಗ ಸೆಕೆಂಡ್ ಪಿಯುಸಿ. ಟೀಚರ್ ಆಗಬೇಕು ಅಂತ ಆ ಹುಡುಗಿಗೆ ಆಸೆ. ಡಿಗ್ರಿ ಮುಗಿಸಿ ಬಿ.ಎಡ್. ಮಾಡುವುದೋ, ಈಗಲೇ ನಾಲ್ಕು ವರ್ಷದ ಕೋರ್ಸಿಗೆ ಸೇರುವುದೋ ಅಂತ ಮನೆಯಲ್ಲಿ ದಿನವೂ ಚರ್ಚೆಯಂತೆ. ಮೇಡಂ ನನ್ನನ್ನು ಕೇಳಿದರು, ನಾನು ಹೇಳಿದೆ. ಆದರೆ ಹೇಳಿದ ಮೇಲೆ ನನಗೇ ಸಮಾಧಾನ ಆಗಲಿಲ್ಲ. ನಾನು ಕೊಟ್ಟದ್ದು ಬರೀ ವರ್ಷಗಳ ಲೆಕ್ಕ. ಹೇಳಬೇಕಾಗಿದ್ದ ಮಾತು ಬೇರೆಯೇ ಇತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಆ ಲೆಕ್ಕವನ್ನೇ ಮುಗಿಸಿಬಿಡುತ್ತೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವುದು ಇಷ್ಟು. ಪಿಯುಸಿ ಆದವರಿಗೆ ಡಿಗ್ರಿ ಮತ್ತು ಬಿ.ಎಡ್. ಎರಡೂ ಸೇರಿದ ನಾಲ್ಕು ವರ್ಷದ ಕೋರ್ಸು. ಈಗ ಇದನ್ನು ಐಟಿಇಪಿ ಅಂತ ಕರೆಯುತ್ತಾರೆ. ಮೂರು ವರ್ಷದ ಡಿಗ್ರಿ ಆದವರಿಗೆ ಎರಡು ವರ್ಷದ ಬಿ.ಎಡ್. ನಾಲ್ಕು ವರ್ಷದ ಡಿಗ್ರಿಯೋ ಸ್ನಾತಕೋತ್ತರ ಪದವಿಯೋ ಇದ್ದವರಿಗೆ ಒಂದು ವರ್ಷದ್ದು. 2030ರ ಹೊತ್ತಿಗೆ ಶಾಲಾ ಶಿಕ್ಷಕರಿಗೆ ಆ ನಾಲ್ಕು ವರ್ಷದ ಪದವಿಯೇ ಕನಿಷ್ಠ ಅರ್ಹತೆ ಆಗಬೇಕು ಅನ್ನುವುದು ನೀತಿಯ ಗುರಿ. ಬರೀ ಬಿ.ಎಡ್. ಮಾತ್ರ ನಡೆಸುವ ಒಂಟಿ ಕಾಲೇಜುಗಳು ಅಷ್ಟರಲ್ಲಿ ಬೇರೆ ವಿಷಯಗಳನ್ನೂ ಕಲಿಸುವ ಸಂಸ್ಥೆಗಳಾಗಿ ಬದಲಾಗಬೇಕು. 2023–24ರಲ್ಲಿ ದೇಶದ 57 ಸಂಸ್ಥೆಗಳಲ್ಲಿ ಐಟಿಇಪಿ ಪ್ರಯೋಗವಾಗಿ ಶುರುವಾಯಿತು. ಸೇರಬೇಕಾದರೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು.

ನಾನು ಬಿ.ಎಡ್. ಮಾಡಿದ್ದು 2005–06ರಲ್ಲಿ. ಆಗ ಅದು ಒಂದು ವರ್ಷದ್ದು. ಅಡ್ಮಿಷನ್ ಎಳೆದಾಟ, ಪರೀಕ್ಷೆ, ರಜೆ ಎಲ್ಲ ಕಳೆದರೆ ಕೈಗೆ ಸಿಗುತ್ತಿದ್ದದ್ದು ಏಳೆಂಟು ತಿಂಗಳು. ಬೆಳಿಗ್ಗೆ ಶೈಕ್ಷಣಿಕ ಮನೋವಿಜ್ಞಾನದ ನೋಟ್ಸ್, ಮಧ್ಯಾಹ್ನ ಮೈಕ್ರೋ ಟೀಚಿಂಗ್. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೈಕ್ರೋ ಟೀಚಿಂಗ್ ಅಂದರೆ ನಿಮ್ಮ ಜೊತೆ ಓದುವವರೇ ಏಳೆಂಟು ಜನ ಮಕ್ಕಳ ಹಾಗೆ ಮುಂದೆ ಕೂರುತ್ತಾರೆ, ನೀವು ಐದಾರು ನಿಮಿಷ ಒಂದೇ ಒಂದು ಕೌಶಲ, ಪ್ರಶ್ನೆ ಕೇಳುವುದೋ ಕಪ್ಪುಹಲಗೆ ಬಳಸುವುದೋ, ಅದನ್ನಷ್ಟೇ ಅಭ್ಯಾಸ ಮಾಡಬೇಕು. ಡಿಗ್ರಿ ಮುಗಿಸಿದ ಗೆಳತಿಯರು ಎಂಟನೇ ಕ್ಲಾಸಿನವರ ಹಾಗೆ ಕೈ ಎತ್ತಿ ಉತ್ತರ ಹೇಳುತ್ತಿದ್ದರು. ಎಲ್ಲವೂ ಸರಿಯುತ್ತರ. ಆ ಅಭ್ಯಾಸದಲ್ಲಿ ನಾನು ಒಂದೇ ಒಂದು ತಪ್ಪುತ್ತರವನ್ನೂ ಕೇಳಲಿಲ್ಲ.

ಆಮೇಲೆ ಶಾಲೆಗೆ ಕಳಿಸಿದರು. ಯೂನಿಫಾರಂ ಸೀರೆ ಉಟ್ಟುಕೊಂಡು, ಕಂಕುಳಲ್ಲಿ ಚಾರ್ಟಿನ ಸುರುಳಿ, ಕೈಯಲ್ಲಿ ಥರ್ಮಾಕೋಲ್ ಮಾಡೆಲ್ ಹಿಡಿದು ಹೋದೆವು. ಒಂದೊಂದು ಪಾಠಕ್ಕೂ ಪಾಠಯೋಜನೆ ಬರೆಯಬೇಕು. ರಾತ್ರಿ ಹನ್ನೊಂದರವರೆಗೆ ಕೂತು ಬರೆಯುತ್ತಿದ್ದೆವು. ಉದ್ದೇಶ, ನಿರ್ದಿಷ್ಟತೆ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ ಅಂತ ಕಾಲಂ ಎಳೆದು, ಮಕ್ಕಳು ಏನು ಉತ್ತರ ಕೊಡುತ್ತಾರೆ ಅನ್ನುವುದನ್ನೂ ನಾವೇ ಮೊದಲೇ ಬರೆದಿಡಬೇಕಿತ್ತು. ಪಾಠ ನೋಡಲು ಕಾಲೇಜಿನಿಂದ ಒಬ್ಬರು ಬರುತ್ತಿದ್ದರು. ಒಂದೇ ಹೊತ್ತಿಗೆ ಮೂರು ಕ್ಲಾಸಲ್ಲಿ ಮೂವರು ಪಾಠ ಮಾಡುತ್ತಿರುತ್ತಿದ್ದೆವು, ಅವರು ತಲಾ ಹತ್ತು ನಿಮಿಷ ನಿಂತು ರೆಕಾರ್ಡಿಗೆ ಸಹಿ ಹಾಕಿ ಹೋಗುತ್ತಿದ್ದರು. ನನ್ನ ರೆಕಾರ್ಡಿನಲ್ಲಿ ಬರೆದದ್ದು ಇನ್ನೂ ನೆನಪಿದೆ: "ಧ್ವನಿ ಚೆನ್ನಾಗಿದೆ. ಕಪ್ಪುಹಲಗೆಯ ಕೆಲಸ ಸುಧಾರಿಸಬೇಕು." ಆ ಕ್ಲಾಸಿನ ನಿಜವಾದ ಟೀಚರ್ ಆ ಪಿರಿಯಡ್‌ನಲ್ಲಿ ಸ್ಟಾಫ್ ರೂಮಲ್ಲಿ ಕೂತು ಪೇಪರ್ ತಿದ್ದುತ್ತಿದ್ದರು. ಅವರ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಂತೂ ಇಲ್ಲ. ನನ್ನ ಜೊತೆ ಕೂರಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಕೂತಿದ್ದರೆ ಅವರ ಕೆಲಸ ಯಾರು ಮಾಡುತ್ತಿದ್ದರು?

ಒಳ್ಳೆಯ ಅಂಕ ಬಂತು. 2008ರಲ್ಲಿ ತಿಪಟೂರಿನ ಒಳಗಿನ ಒಂದು ಹೈಸ್ಕೂಲಿಗೆ ಗಣಿತದ ಟೀಚರ್ ಆಗಿ ಹೋದೆ.

ಅಲ್ಲಿ ಒಬ್ಬರು ಮೇಷ್ಟ್ರಿದ್ದರು. ನಿವೃತ್ತಿಗೆ ಎರಡು ವರ್ಷ ಬಾಕಿ. ನಾನು ಹೋದ ಎರಡನೇ ವಾರವೇ ಬಂದು, "ಬುಧವಾರ ಮೂರನೇ ಪಿರಿಯಡ್ ನನಗೆ ಬಿಡುವು. ನಿಮ್ಮ ಕ್ಲಾಸಲ್ಲಿ ಕೂತ್ಕೊಳ್ಳಲೇನಮ್ಮ?" ಅಂದರು. ನನಗೆ ಭಯ. ಬೇಡ ಅನ್ನುವುದಕ್ಕೂ ಆಗಲಿಲ್ಲ. ಹಿಂದಿನ ಬೆಂಚಲ್ಲಿ ಹುಡುಗರ ಪಕ್ಕ ಕೂತರು. ಕೈಯಲ್ಲಿ ಪೆನ್ನಿಲ್ಲ, ಪುಸ್ತಕವಿಲ್ಲ. ಭಿನ್ನರಾಶಿಯ ಪುನರಾವರ್ತನೆ ನಡೆಯುತ್ತಿತ್ತು. ಮಕ್ಕಳು ಲೆಕ್ಕ ಮಾಡುವಾಗ ನಾನು ಸಾಲಿನ ನಡುವೆ ಓಡಾಡಿದೆ. ಕಿಟಕಿ ಪಕ್ಕದ ಹುಡುಗಿ ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ ಐದನೇ ಎರಡು ಅಂತ ಬರೆದಿದ್ದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಳು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ, ಲ.ಸಾ.ಅ. ತೆಗೆಯೋದು ಮರೆತೆಯಾ ಅಂತ ಕೇಳಿ, ಬೋರ್ಡಲ್ಲಿ ಇನ್ನೊಂದು ಸಲ ಮಾಡಿ ತೋರಿಸಿ ಮುಂದೆ ಹೋದೆ.

ಕ್ಲಾಸು ಮುಗಿದ ಮೇಲೆ ಮೇಷ್ಟ್ರು ನನ್ನ ಧ್ವನಿಯ ಬಗ್ಗೆ ಹೇಳಲಿಲ್ಲ, ಬೋರ್ಡಿನ ಬಗ್ಗೆ ಹೇಳಲಿಲ್ಲ. "ಆ ಹುಡುಗಿ ಯಾಕೆ ಹಾಗೆ ಬರೆದಳು ಅಂತ ಕೇಳಿದಿರೇನಮ್ಮ?" ಅಂದರು. ಇಲ್ಲ. "ನಾಳೆ ಕೇಳಿ. ತಪ್ಪು ಅಂತ ಹೇಳದೆ ಕೇಳಿ."

ಮಾರನೇ ದಿನ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದಳು: "ಮಿಸ್, ಮೊನ್ನೆ ಟೆಸ್ಟಲ್ಲಿ ಮೊದಲನೇ ಪ್ರಶ್ನೆಗೆ ಎರಡಕ್ಕೆ ಒಂದು ಕೊಟ್ರಿ. ಎರಡನೇದಕ್ಕೆ ಮೂರಕ್ಕೆ ಒಂದು ಕೊಟ್ರಿ. ಒಟ್ಟು ಐದಕ್ಕೆ ಎರಡು ಅಂತ ನೀವೇ ಬರೆದ್ರಲ್ವಾ?"

ಹೌದು, ನಾನೇ ಬರೆದಿದ್ದೆ. ಅವಳು ಲ.ಸಾ.ಅ. ಮರೆತಿರಲಿಲ್ಲ. ಅಂಕ ಕೂಡಿಸುವ ರೀತಿಯಲ್ಲೇ ಭಿನ್ನರಾಶಿಯನ್ನೂ ಕೂಡಿಸಿದ್ದಳು, ಎರಡನ್ನೂ ಗೆರೆ ಎಳೆದು ಒಂದರ ಕೆಳಗೆ ಒಂದು ಬರೆಯುವುದು ನಾನೇ ತಾನೇ. ಎರಡು ಅಂಕದ ಪ್ರಶ್ನೆ ಬೇರೆ, ಮೂರು ಅಂಕದ ಪ್ರಶ್ನೆ ಬೇರೆ, ಆದರೆ ಅರ್ಧ ಮತ್ತು ಮೂರನೇ ಒಂದು ಅಂದಾಗ ನಾವು ಒಂದೇ ವಸ್ತುವಿನ ಭಾಗಗಳ ಬಗ್ಗೆ ಮಾತಾಡುತ್ತಿದ್ದೇವೆ. ಈ ವ್ಯತ್ಯಾಸವನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ಬಿ.ಎಸ್ಸಿ.ಯಲ್ಲಿ ಗಣಿತ ಓದಿ ಬಂದಿದ್ದ ನಾನೂ ಅದನ್ನು ಹೀಗೆ ಯೋಚಿಸಿರಲಿಲ್ಲ. ಮೇಷ್ಟ್ರ ಹತ್ತಿರ ಹೋಗಿ ಈಗೇನು ಮಾಡಲಿ ಅಂತ ಕೇಳಿದೆ. ಹತ್ತು ಸೆಂಟಿಮೀಟರ್ ಉದ್ದದ ಒಂದು ಕಾಗದದ ಪಟ್ಟಿ ಕತ್ತರಿಸಿ ಕೊಟ್ಟರು, ಅಷ್ಟೇ. ಆ ಹುಡುಗಿ ಅದರಲ್ಲಿ ಅರ್ಧ ಅಳೆದಳು, ಐದು ಸೆಂಟಿಮೀಟರ್. ಐದನೇ ಎರಡು ಅಳೆದಳು, ನಾಲ್ಕು. "ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದೆ. ಬಂದದ್ದು ಅರ್ಧಕ್ಕಿಂತ ಕಡಿಮೆ ಇದೆಯಲ್ಲ?" ಅಂತ ಕೇಳಿದೆ. ಸ್ಕೇಲು ಹಾಗೇ ಹಿಡಿದುಕೊಂಡು ತುಂಬಾ ಹೊತ್ತು ನೋಡಿದಳು. ಆಮೇಲೆ ತಾನೇ ರಬ್ಬರ್ ತಗೊಂಡು ಅಳಿಸಿದಳು.

ನಾನು ಟೀಚರ್ ಆಗಿದ್ದು ಆ ವಾರ. ಆ ಮೇಷ್ಟ್ರು ಎರಡು ವರ್ಷ ಬುಧವಾರ ತಪ್ಪಿಸದೆ ಬಂದು ಕೂತರು. ಅದಕ್ಕೆ ಅವರಿಗೆ ಯಾರೂ ಒಂದು ಪೈಸೆ ಕೊಡಲಿಲ್ಲ, ಯಾವ ಸುತ್ತೋಲೆಯೂ ಹೇಳಿರಲಿಲ್ಲ, ಅವರ ಸೇವಾ ಪುಸ್ತಕದಲ್ಲಿ ಅದರ ಒಂದು ಸಾಲೂ ಇಲ್ಲ. ಅವರು ಆ ಶಾಲೆಯಲ್ಲಿ ಇರದೇ ಹೋಗಿದ್ದರೆ? ನನ್ನ ಜೊತೆ ಬಿ.ಎಡ್. ಮಾಡಿದ ಹೆಚ್ಚಿನವರಿಗೆ ಅಂಥವರು ಸಿಗಲಿಲ್ಲ. ಒಂದು ದೇಶ ತನ್ನ ಶಿಕ್ಷಕರ ತಯಾರಿಯನ್ನು ಇಂಥ ಅದೃಷ್ಟಕ್ಕೆ ಬಿಡಬಾರದು ಅನ್ನುವುದೇ ನನ್ನ ತಕರಾರು.

ಸುಧಾರಣೆಗಳಿಗೇನೂ ಕೊರತೆ ಇರಲಿಲ್ಲ. 1964–66ರ ಕೊಠಾರಿ ಆಯೋಗವೇ ಹೇಳಿತ್ತು, ಶಿಕ್ಷಕರ ತರಬೇತಿ ಒಂದು ಕಡೆ ವಿಶ್ವವಿದ್ಯಾಲಯದಿಂದ ದೂರ, ಇನ್ನೊಂದು ಕಡೆ ಶಾಲೆಯಿಂದ ದೂರ ಉಳಿದಿದೆ, ಆ ಗೋಡೆ ಒಡೆಯಿರಿ ಅಂತ. 1980ರ ದಶಕದಲ್ಲಿ ಚಟ್ಟೋಪಾಧ್ಯಾಯ ಆಯೋಗ, ಹನ್ನೆರಡನೇ ತರಗತಿ ಆದ ಮೇಲೆ ನಾಲ್ಕು ವರ್ಷದ ಕೋರ್ಸ್ ಬೇಕು ಅಂತ ಹೇಳಿತು. 1986ರ ಶಿಕ್ಷಣ ನೀತಿಯಿಂದ ಜಿಲ್ಲೆ ಜಿಲ್ಲೆಗೂ ಡಯಟ್, ಅಂದರೆ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆ, ಬಂತು. ಶಿಕ್ಷಕರ ತರಬೇತಿ ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಗೆ 1993ರ ಕಾಯ್ದೆಯಿಂದ ಅಧಿಕಾರ ಸಿಕ್ಕಿತು. ಕಾಲೇಜಿಗೆ ಮಾನ್ಯತೆ ಕೊಡುವವರು, ತೆಗೆಯುವವರು ಅವರೇ. ದಕ್ಷಿಣ ವಲಯದ ಅವರ ಕಚೇರಿ ಒಂದು ಕಾಲಕ್ಕೆ ಬೆಂಗಳೂರಲ್ಲೇ ಇತ್ತು. ಆಮೇಲೆ ಆದದ್ದು ನಿಮಗೆಲ್ಲ ಗೊತ್ತು. ನಮ್ಮ ಕಡೆಯೂ ಎರಡು ಸಾವಿರದ ಆಸುಪಾಸಿನಲ್ಲಿ ಊರೂರಿಗೆ ಡಿ.ಎಡ್. (ಪ್ರಾಥಮಿಕ ಶಾಲಾ ಶಿಕ್ಷಕರ ಡಿಪ್ಲೊಮಾ) ಕಾಲೇಜು, ಬಿ.ಎಡ್. ಕಾಲೇಜು ತೆರೆದರು. ಸರ್ಕಾರಿ ನೇಮಕಾತಿ ಕಡಿಮೆಯಾದ ಮೇಲೆ ಡಿ.ಎಡ್. ಕಾಲೇಜುಗಳು ಒಂದೊಂದೇ ಬೀಗ ಹಾಕಿದವು.

ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿತು. ದೆಹಲಿಯ ಅತ್ಯಾಚಾರ ಪ್ರಕರಣದ ನಂತರ ಕಾನೂನು ತಿದ್ದುಪಡಿಗೆ ವರದಿ ಕೊಟ್ಟರಲ್ಲ, ಅದೇ ವರ್ಮಾ ಅವರು. ಶಿಕ್ಷಕರ ಬಗ್ಗೆ ಅವರು ಕೊಟ್ಟ ಈ ವರದಿ ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. 2020ರ ನೀತಿ ಅದನ್ನು ನೆನಪಿಸಿಕೊಂಡಿದೆ: ದೇಶದಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಒಂಟಿ ಶಿಕ್ಷಕ ತರಬೇತಿ ಸಂಸ್ಥೆಗಳಿವೆ, ಅದರಲ್ಲಿ ಹೆಚ್ಚಿನವು ಗಂಭೀರವಾಗಿ ಕಲಿಸುವ ಪ್ರಯತ್ನವನ್ನೇ ಮಾಡುತ್ತಿಲ್ಲ, ದುಡ್ಡಿಗೆ ಡಿಗ್ರಿ ಮಾರುತ್ತಿವೆ ಅಂತ. ಸರ್ಕಾರದ ನೀತಿಯೇ ಅಚ್ಚು ಹಾಕಿದ ಮಾತು ಇದು. ವರ್ಷವಿಡೀ ಕಾಲೇಜಿಗೆ ಕಾಲಿಡದೆ, ಪರೀಕ್ಷೆಗೆ ಮಾತ್ರ ಬಂದು ಬಿ.ಎಡ್. ಮುಗಿಸಿದವರು ನನಗೆ ಗೊತ್ತು, ನಿಮಗೂ ಗೊತ್ತಿರುತ್ತಾರೆ.

ವರ್ಮಾ ವರದಿಯ ನಂತರ 2014ರ ನಿಯಮ ಬಂತು. 2015ರಿಂದ ಬಿ.ಎಡ್. ಎರಡು ವರ್ಷವಾಯಿತು. ಅದರಲ್ಲಿ ಒಂದು ನಿಜವಾಗಿ ಒಳ್ಳೆಯ ಅಂಶ ಇತ್ತು: 20 ವಾರ ಶಾಲೆಯಲ್ಲಿ ಇರಬೇಕು, ಮೊದಲ ವರ್ಷ ನಾಲ್ಕು ವಾರ, ಎರಡನೇ ವರ್ಷ ಹದಿನಾರು ವಾರ. ನಮ್ಮ ಕಾಲದ ಎಣಿಸಿ ಮುಗಿಸುವ ಪಾಠಗಳಿಗೆ ಹೋಲಿಸಿದರೆ ಇದು ಎಷ್ಟೋ ದೊಡ್ಡದು. ನಾನು ಓದಿದಾಗ ತುಂಬಾ ಖುಷಿಪಟ್ಟಿದ್ದೆ.

ಆ ಹದಿನಾರು ವಾರ ಶಾಲೆಯ ಒಳಗಿನಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ಈಗ ನಾನು ಆ ಕಡೆಯ ಕುರ್ಚಿಯಲ್ಲಿದ್ದೇನೆ. ಎರಡು ವರ್ಷದ ಹಿಂದೆ ನಮ್ಮ ಶಾಲೆಗೆ ಎಂಟು ಜನ ಬಿ.ಎಡ್. ವಿದ್ಯಾರ್ಥಿಗಳು ಬಂದರು. ಒಂದು ಸೋಮವಾರ ಬೆಳಿಗ್ಗೆ ಪತ್ರ ಹಿಡಿದು ಆಫೀಸ್ ಮುಂದೆ ನಿಂತಿದ್ದರು. ಅವರು ಬರುವ ವಿಷಯ ನಮಗೆ ಗೊತ್ತಾದದ್ದು ಅವರು ಬಂದ ಮೇಲೆ. ನಮ್ಮಲ್ಲಿ ಆಗ ಸಮಾಜ ವಿಜ್ಞಾನದ ಹುದ್ದೆ ಖಾಲಿ, ಹಿಂದಿಗೆ ಅತಿಥಿ ಶಿಕ್ಷಕಿ, ಕ್ಲರ್ಕ್ ಇಲ್ಲ. ಎಂಟು ಜನ ಬಂದರು ಅಂದರೆ ನಮಗೆ ಉಸಿರು ಬಂದ ಹಾಗೆ. ಇಬ್ಬರು ಸಮಾಜ ವಿಜ್ಞಾನದ ಕ್ಲಾಸ್‌ಗಳನ್ನು ಪೂರ್ತಿ ವಹಿಸಿಕೊಂಡರು, ಒಬ್ಬಳು ಕಂಪ್ಯೂಟರ್ ಬರುತ್ತದೆ ಅಂದದ್ದಕ್ಕೆ ಎಸ್‌ಎಟಿಎಸ್, ಅಂದರೆ ಮಕ್ಕಳ ಮಾಹಿತಿಯ ಆನ್‌ಲೈನ್ ಎಂಟ್ರಿಗೆ ಕೂತಳು, ಉಳಿದವರು ಬಿಸಿಯೂಟದ ಸಾಲು, ಪರೀಕ್ಷಾ ಕೊಠಡಿ, ರಜೆ ಹಾಕಿದವರ ಕ್ಲಾಸು. ಯಾರೂ ಕೆಟ್ಟವರಲ್ಲ. ಶಾಲೆ ನಡೆಯಬೇಕಿತ್ತು, ನಡೆಯಿತು.

ನನಗೆ ವಾರಕ್ಕೆ 28 ಪಿರಿಯಡ್. ಗಣಿತಕ್ಕೆ ಬಂದ ಇಬ್ಬರನ್ನು ನಾನು ನೋಡಿಕೊಳ್ಳಬೇಕಿತ್ತು. ಮೊದಲ ಎರಡು ವಾರ ಹಿಂದಿನ ಬೆಂಚಲ್ಲಿ ಕೂತೆ. ಆಮೇಲೆ ಅವರು ಕ್ಲಾಸಲ್ಲಿದ್ದಾಗ ನಾನು ಎಸ್ಸೆಸ್ಸೆಲ್ಸಿ ಮಕ್ಕಳ ವಿಶೇಷ ತರಗತಿಗೆ ಹೋದೆ. ಒಂದು ದಿನ ಆ ಇಬ್ಬರಲ್ಲಿ ಒಬ್ಬ ಹುಡುಗ ಬಂದು, "ಮೇಡಂ, ನಿನ್ನೆ ಒಂಬತ್ತನೇ ಕ್ಲಾಸಲ್ಲಿ ಋಣ ಸಂಖ್ಯೆ ಗುಣಾಕಾರ ಮಾಡಿದೆ. ಋಣಕ್ಕೆ ಋಣ ಗುಣಿಸಿದರೆ ಯಾಕೆ ಧನ ಬರುತ್ತೆ ಅಂತ ಒಬ್ಬ ಕೇಳಿದ. ಅದು ನಿಯಮ ಅಂದುಬಿಟ್ಟೆ. ಸರಿ ಅನ್ನಿಸಲಿಲ್ಲ," ಅಂದ. ಆ ಕ್ಷಣ ಎಂಥ ಕ್ಷಣ ಅಂತ ನನಗೆ ಗೊತ್ತಿತ್ತು. ನನ್ನ ಮೇಷ್ಟ್ರಿದ್ದಿದ್ದರೆ ಎಲ್ಲ ಬಿಟ್ಟು ಕೂರುತ್ತಿದ್ದರು. ನನಗೆ ಆ ಹೊತ್ತಿಗೆ ಬೆಲ್ ಹೊಡೆದಿತ್ತು. ಸಂಜೆ ಮಾತಾಡೋಣಪ್ಪ ಅಂದೆ. ಸಂಜೆ ಅವನಿಗೆ ಬಸ್ಸಿತ್ತು, ನನಗೆ ಮೀಟಿಂಗ್ ಇತ್ತು. ಆ ಮಾತು ಆಡಲೇ ಇಲ್ಲ. ಕೊನೆಗೆ ಅವನ ರೆಕಾರ್ಡಿಗೆ ಸಹಿ ಹಾಕುವಾಗ ನನ್ನ ಪೆನ್ನು "ಧ್ವನಿ ಚೆನ್ನಾಗಿದೆ" ಅಂತ ಬರೆಯಿತು. ಅದನ್ನು ನೋಡಿ ನನಗೆ ಅಳು ಬಂತು.

ಅದಕ್ಕೇ ಹೇಳುತ್ತೇನೆ, ಕೋರ್ಸ್ ಎಷ್ಟು ವರ್ಷ ಅನ್ನುವ ಚರ್ಚೆ ಅರ್ಧ ಚರ್ಚೆ ಮಾತ್ರ. ವಾರಗಳನ್ನು ಕೊಟ್ಟರು, ಆದರೆ ಆ ವಾರಗಳಲ್ಲಿ ಪಕ್ಕದಲ್ಲಿ ಕೂರುವ ಮನುಷ್ಯರನ್ನು ಕೊಡಲಿಲ್ಲ.

ನಾಲ್ಕು ವರ್ಷದ ಕೋರ್ಸನ್ನು ಹೊಸ ಆವಿಷ್ಕಾರ ಅನ್ನುವ ಹಾಗೆ ಮಾತಾಡುವವರಿಗೆ ಮೈಸೂರು ನೆನಪಿಸಬೇಕು. ಎನ್‌ಸಿಇಆರ್‌ಟಿ ಅಡಿಯಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರದ ಜೊತೆ ಮೈಸೂರಿನಲ್ಲೂ 1963ರಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಶುರುವಾಯಿತು. ಈಗ ಅದು ಮಾನಸಗಂಗೋತ್ರಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಎಲ್ಲರ ಬಾಯಲ್ಲಿ ಆರ್‌ಐಇ. ಪಿಯುಸಿ ಮುಗಿಸಿ ಸೇರಿದರೆ ನಾಲ್ಕು ವರ್ಷಕ್ಕೆ ಬಿ.ಎಸ್ಸಿ. ಎಡ್. ಭೌತಶಾಸ್ತ್ರ ಕಲಿಯುವುದೂ ಅದನ್ನು ಮಕ್ಕಳಿಗೆ ಹೇಗೆ ಹೇಳುವುದು ಅಂತ ಯೋಚಿಸುವುದೂ ಒಂದೇ ಕ್ಯಾಂಪಸ್ಸಲ್ಲಿ, ಒಂದೇ ವಾರದಲ್ಲಿ. ಕ್ಯಾಂಪಸ್ ಒಳಗೇ ಒಂದು ಶಾಲೆ ಇದೆ, ಡೆಮಾನ್‌ಸ್ಟ್ರೇಷನ್ ಸ್ಕೂಲ್. ನಮ್ಮ ತಾಲ್ಲೂಕಲ್ಲಿ ಅಲ್ಲಿ ಓದಿ ಬಂದ ಒಬ್ಬ ವಿಜ್ಞಾನ ಟೀಚರ್ ಇದ್ದಾರೆ. ಅವರ ಪಾಠ ನೋಡಿದರೆ ಗೊತ್ತಾಗುತ್ತದೆ. ಮಗು ಪ್ರಶ್ನೆ ಕೇಳಿದರೆ ಅವರು ಮೊದಲು ಉತ್ತರ ಕೊಡುವುದಿಲ್ಲ, ನಿನಗೆ ಹಾಗೆ ಯಾಕೆ ಅನ್ನಿಸಿತು ಅಂತ ಕೇಳುತ್ತಾರೆ. ಇದನ್ನು ಎಲ್ಲಿ ಕಲಿತಿರಿ ಅಂದೆ. "ಅಲ್ಲಿ ನಮ್ಮ ಪಾಠ ಆದ ಮೇಲೆ ಅದರ ಬಗ್ಗೆ ಮಾತಾಡೋದೇ ಒಂದು ಕ್ಲಾಸ್ ಆಗಿತ್ತು ಮೇಡಂ," ಅಂದರು.

ಇಷ್ಟು ಚೆನ್ನಾಗಿದ್ದದ್ದು ಆರು ದಶಕದಲ್ಲಿ ಯಾಕೆ ದೇಶವೆಲ್ಲ ಹರಡಲಿಲ್ಲ? ನನ್ನ ಅನಿಸಿಕೆ, ಅದು ಖರ್ಚಿನ ವಿಷಯ. ಪ್ರಯೋಗಾಲಯ, ಹಾಸ್ಟೆಲ್, ವಿಷಯಕ್ಕೊಬ್ಬ ಪ್ರಾಧ್ಯಾಪಕ, ಪಕ್ಕದಲ್ಲೇ ಶಾಲೆ, ಇದೆಲ್ಲ ಸರ್ಕಾರ ದುಡ್ಡು ಹಾಕಿದರೆ ಮಾತ್ರ ಆಗುವ ಕೆಲಸ. ಎರಡು ಕೋಣೆ ಬಾಡಿಗೆಗೆ ಹಿಡಿದು ಬಿ.ಎಡ್. ಕಾಲೇಜು ತೆರೆಯುವವರಿಂದ ಆಗುವುದಲ್ಲ. ದೆಹಲಿ ವಿಶ್ವವಿದ್ಯಾಲಯ 1994ರಲ್ಲಿ ಬಿ.ಎಲ್.ಎಡ್. ಅಂತ ನಾಲ್ಕು ವರ್ಷದ ಪದವಿ ಶುರು ಮಾಡಿತು, ಪ್ರಾಥಮಿಕ ಶಾಲೆಯ ಶಿಕ್ಷಕರಿಗಾಗಿಯೇ. ಕೊನೆಯ ವರ್ಷದಲ್ಲಿ ಉದ್ದನೆಯ ಇಂಟರ್ನ್‌ಶಿಪ್ ಇತ್ತು. ಅದರ ಜಾಗಕ್ಕೆ ಐಟಿಇಪಿ ತರುವುದು ಅಂತ 2023ರಲ್ಲಿ ತೀರ್ಮಾನವಾದಾಗ ಅಲ್ಲಿನ ಅಧ್ಯಾಪಕರು ವಿರೋಧಿಸಿದರು. ನನಗೂ ಅದು ಸರಿ ಕಾಣಲಿಲ್ಲ. ಬೆಳೆದು ನಿಂತ ಮರ ಇರುವ ಕಡೆ ಅದನ್ನು ತೆಗೆದು ಸಸಿ ನೆಡುವುದು ಯಾಕೆ?

ಪ್ರಾಥಮಿಕ ಶಾಲೆಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. 2018ರಲ್ಲಿ ಎನ್‌ಸಿಟಿಇ ಒಂದು ಅಧಿಸೂಚನೆ ಹೊರಡಿಸಿ, ಬಿ.ಎಡ್. ಆದವರೂ ಒಂದರಿಂದ ಐದನೇ ತರಗತಿಗೆ ಕಲಿಸಬಹುದು, ಆಮೇಲೆ ಆರು ತಿಂಗಳ ಒಂದು ಬ್ರಿಡ್ಜ್ ಕೋರ್ಸ್ ಮಾಡಿದರೆ ಸಾಕು ಅಂದಿತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಪುಟ್ಟ ಮಕ್ಕಳಿಗೆ ಕಲಿಸುವ ತಯಾರಿ ಡಿ.ಎಲ್.ಎಡ್.ನಲ್ಲಿ (ಡಿ.ಎಡ್.ನ ಈಗಿನ ಹೆಸರು) ಇದೆ, ಬಿ.ಎಡ್. ಅದಕ್ಕಾಗಿ ಮಾಡಿದ್ದಲ್ಲ ಅನ್ನುವುದು ತೀರ್ಪಿನ ತಿರುಳು. ಲಕ್ಷಾಂತರ ಬಿ.ಎಡ್. ಪದವೀಧರರಿಗೆ ಅದು ದೊಡ್ಡ ಪೆಟ್ಟು. ಅವರ ಸಂಕಟ ನನಗೆ ಅರ್ಥವಾಗುತ್ತದೆ, ನನ್ನ ತಮ್ಮನ ಹೆಂಡತಿಯೂ ಅದರಲ್ಲಿ ಒಬ್ಬಳು. ಆದರೂ ತೀರ್ಪು ಸರಿ ಅಂತಲೇ ನನ್ನ ನಂಬಿಕೆ. ನನ್ನನ್ನು ನಾಳೆ ಒಂದನೇ ಕ್ಲಾಸಿಗೆ ಕಳಿಸಿದರೆ ಅಕ್ಷರವೇ ಗೊತ್ತಿಲ್ಲದ ಮಗುವಿಗೆ ಮೊದಲ ಪದ ಓದಲು ಹೇಗೆ ಕಲಿಸುವುದು ಅಂತ ನನಗೆ ಬರುವುದಿಲ್ಲ. ಪ್ರಾಥಮಿಕ ಶಿಕ್ಷಕರ ಹಳೆಯ ಟಿಸಿಎಚ್ ತರಬೇತಿ ಆದ ನಮ್ಮ ಅತ್ತೆಗೆ ಬರುತ್ತಿತ್ತು. ಆ ವಿದ್ಯೆಯೇ ಬೇರೆ. ಡಯಟ್‌ಗಳು ಉಳಿಯಬೇಕು ಅಂತ ನಾನು ಹೇಳುವುದು ಇದಕ್ಕೇ.

ಇನ್ನು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. 150 ಪ್ರಶ್ನೆ, 150 ಅಂಕ, ಸಾಮಾನ್ಯ ವರ್ಗಕ್ಕೆ 90 ಬಂದರೆ ಪಾಸು. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸೇವೆಯಲ್ಲಿರುವ ಪ್ರಾಥಮಿಕ ಶಾಲಾ ಶಿಕ್ಷಕರೂ ನಿದ್ದೆಗೆಟ್ಟು ಓದುತ್ತಿದ್ದಾರೆ. ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದವರೆಲ್ಲ ಎರಡು ವರ್ಷದಲ್ಲಿ ಪಾಸಾಗಬೇಕು. ಪರೀಕ್ಷೆ ಇರಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಐದನೇ ಎರಡು ಅಂತ ಬರೆದ ಹುಡುಗಿಯನ್ನು ಏನು ಕೇಳಬೇಕು ಅನ್ನುವುದು ಓಎಂಆರ್ ಹಾಳೆಯ ನಾಲ್ಕು ಗುಂಡಿಯಲ್ಲಿ ಹಿಡಿಸುವುದಿಲ್ಲ.

ನನ್ನ ಚಿಕ್ಕಮ್ಮನ ಮಗಳು ಮದುವೆಯಾಗಿ ಇಂಗ್ಲೆಂಡಿಗೆ ಹೋದವಳು ಅಲ್ಲಿನ ಶಿಕ್ಷಕ ತರಬೇತಿ ಕೋರ್ಸು ಪಿಜಿಸಿಇ ಮಾಡಿದಳು. ಡಿಗ್ರಿ ಆದವರಿಗೆ ಅದು ಒಂದೇ ವರ್ಷದ್ದು, ಕೇಳಿದಾಗ ನಮ್ಮ ಹಳೆಯ ಬಿ.ಎಡ್. ಹಾಗೇ ಅನ್ನಿಸಿತು. ಆದರೆ ಅದರಲ್ಲಿ ಕಡಿಮೆಯೆಂದರೂ 120 ದಿನ ಶಾಲೆಯಲ್ಲೇ ಇರಬೇಕು, ಅದೂ ಎರಡು ಬೇರೆ ಬೇರೆ ಶಾಲೆಗಳಲ್ಲಿ. ಪ್ರತಿಯೊಬ್ಬರಿಗೂ ಆ ಶಾಲೆಯ ಒಬ್ಬ ಟೀಚರ್ ಮೆಂಟರ್. ವಾರಕ್ಕೊಂದು ಗಂಟೆ ಇಬ್ಬರೇ ಕೂತು ಮಾತಾಡಬೇಕು, ಅದು ಟೈಂಟೇಬಲ್‌ನಲ್ಲೇ ಬರೆದಿರುತ್ತಿತ್ತಂತೆ. "ಅಕ್ಕಾ, ಮೊದಲ ತಿಂಗಳು ದಿನಾ ಅಳ್ತಿದ್ದೆ. ಅವರು ಇಲ್ಲದಿದ್ದರೆ ಬಿಟ್ಟು ಬಂದುಬಿಡ್ತಿದ್ದೆ," ಅಂದಳು. ಅಲ್ಲೂ ಎಲ್ಲ ಸರಿಯಿಲ್ಲ. 2021ರಲ್ಲಿ ಸರ್ಕಾರ ಇಡೀ ವ್ಯವಸ್ಥೆಯನ್ನು ಮರುಪರಿಶೀಲನೆ ಮಾಡಿ, ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆಗಳೆಲ್ಲ ಹೊಸದಾಗಿ ಮಾನ್ಯತೆ ಪಡೆಯಬೇಕು ಅಂದಾಗ ಹೆಸರಾಂತ ವಿಶ್ವವಿದ್ಯಾಲಯಗಳಿಗೂ ಸಿಗದೆ ದೊಡ್ಡ ಗಲಾಟೆಯಾಯಿತು. ಶಿಕ್ಷಕರ ಕೊರತೆಯೂ ಅಲ್ಲಿ ತಪ್ಪಿಲ್ಲ. ಆದರೆ ಮೆಂಟರ್ ಆಗುವವರಿಗೂ ತರಬೇತಿ ಬೇಕು, ಆ ಸಮಯಕ್ಕೆ ಶಾಲೆಗೆ ಹಣ ಕೊಡಬೇಕು ಅನ್ನುವುದು ಆ ಚರ್ಚೆಯ ಮಧ್ಯದಲ್ಲೇ ಇತ್ತು. ನಮ್ಮಲ್ಲಿ ಅದು ಅಂಚಿನಲ್ಲೂ ಇಲ್ಲ.

ನಮ್ಮ ದೇಶದಲ್ಲೇ ಬೇರೆ ವೃತ್ತಿಗಳನ್ನು ನೋಡಿ. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಹೌಸ್ ಸರ್ಜನ್ ಆಗಿ ದುಡಿಯುತ್ತಾರೆ, ಹಿರಿಯ ವೈದ್ಯರ ಕಣ್ಣೆದುರೇ ದುಡಿಯುತ್ತಾರೆ, ಸ್ಟೈಪೆಂಡ್ ಬರುತ್ತದೆ. ಐಟಿಐ ಹುಡುಗ ಫ್ಯಾಕ್ಟರಿಗೆ ಅಪ್ರೆಂಟಿಸ್ ಆಗಿ ಹೋದರೆ ಅವನಿಗೂ ಸ್ಟೈಪೆಂಡ್. ನಮ್ಮ ಶಾಲೆಗೆ ಬಂದ ಎಂಟು ಜನ ನಾಲ್ಕು ತಿಂಗಳು ಖಾಲಿ ಹುದ್ದೆಗಳ ಕೆಲಸ ಮಾಡಿದರು, ಅವರಿಗೆ ಒಂದು ರೂಪಾಯಿ ಇಲ್ಲ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಉಳಿಯಿತು, ಋಣ ಸಂಖ್ಯೆಯ ಪ್ರಶ್ನೆ ತಂದ ಆ ಹುಡುಗ ಮಾತ್ರ ದಿನಾ ಟಿಕೆಟ್ ತೆಗೆದು ಬರುತ್ತಿದ್ದ. ಬೆಳಿಗ್ಗೆ ಪೇಪರ್ ಹಾಕಿ ಆ ದುಡ್ಡು ಹೊಂದಿಸುತ್ತಿದ್ದ ಅಂತ ಆಮೇಲೆ ಗೊತ್ತಾಯಿತು.

ನನ್ನನ್ನು ಕೇಳಿದರೆ ಮೊದಲು ಶಾಲೆಗಳನ್ನು ಆರಿಸಿ. ಎಲ್ಲ ಶಾಲೆಗೂ ಎಂಟೆಂಟು ಜನರನ್ನು ಕಳಿಸಬೇಡಿ. ತಾಲ್ಲೂಕಿಗೆ ಮೂರೋ ನಾಲ್ಕೋ ಶಾಲೆಗಳನ್ನು ಗುರುತಿಸಿ, ಅಲ್ಲಿ ಖಾಲಿ ಹುದ್ದೆ ಇರದ ಹಾಗೆ ನೋಡಿಕೊಂಡು, ವರ್ಷ ವರ್ಷವೂ ಅಲ್ಲಿಗೇ ಕಳಿಸಿ. ಡಯಟ್ ಮತ್ತು ಬಿ.ಎಡ್. ಕಾಲೇಜುಗಳ ಉಪನ್ಯಾಸಕರು ಆ ಶಾಲೆಗಳಲ್ಲಿ ವಾರಕ್ಕೊಂದು ದಿನವಾದರೂ ತಾವೇ ಮಕ್ಕಳಿಗೆ ಪಾಠ ಮಾಡಲಿ. ಹದಿನೈದು ವರ್ಷದಿಂದ ಮಕ್ಕಳ ಮುಂದೆ ನಿಲ್ಲದವರು ಹೇಗೆ ನಿಲ್ಲಬೇಕು ಅಂತ ಹೇಳುವುದು ಕಷ್ಟ, ಅಲ್ವಾ? ಆ ಶಾಲೆಯ ಮಾರ್ಗದರ್ಶಿ ಶಿಕ್ಷಕರಿಗೆ ವಾರಕ್ಕೆ ಆರು ಪಿರಿಯಡ್ ಕಡಿಮೆ ಮಾಡಿ, ಸ್ವಲ್ಪ ಭತ್ಯೆ ಕೊಡಿ, ಒಬ್ಬರಿಗೆ ಇಬ್ಬರಿಗಿಂತ ಹೆಚ್ಚು ಪ್ರಶಿಕ್ಷಣಾರ್ಥಿಗಳನ್ನು ಕೊಡಬೇಡಿ. ಪಾಠ ಮಾಡುವುದು ಬೇರೆ, ಪಾಠ ನೋಡಿ ಮಾತಾಡುವುದು ಬೇರೆ. ನಮಗೂ ಅದರ ತರಬೇತಿ ಬೇಕು. ಕಲಿಯಲು ಬಂದವರಿಗೆ ಬಸ್ಸಿಗೂ ಊಟಕ್ಕೂ ಆಗುವಷ್ಟು ಸ್ಟೈಪೆಂಡ್ ಕೊಡಿ. ಖರ್ಚಾಗುತ್ತದೆ. ಕಾಲೇಜಿಗೆ ಮಾನ್ಯತೆ ಕೊಡುವಾಗ ಕಟ್ಟಡದ ಚದರ ಅಡಿ ಅಳೆಯುತ್ತಾರಲ್ಲ, ಅದರ ಜೊತೆ ಈ ಮಾರ್ಗದರ್ಶಿಗಳು ಎಷ್ಟಿದ್ದಾರೆ ಅಂತಲೂ ಎಣಿಸಲಿ.

ನಾಲ್ಕು ವರ್ಷದ ಕೋರ್ಸಿನ ಮೇಲೆ ನನಗೆ ಆಸೆ ಇದೆ, ಸುಳ್ಳು ಹೇಳುವುದಿಲ್ಲ. ಹದಿನೆಂಟರ ಹುಡುಗಿ ಮೊದಲ ವರ್ಷ ಶಾಲೆಗೆ ಹೋಗಿ ಬರೀ ನೋಡಬಹುದು, ಎರಡನೇ ವರ್ಷ ಒಂದು ಮಗುವಿನ ಜೊತೆ ಕೂರಬಹುದು, ಹೀಗೆ ನಿಧಾನವಾಗಿ ಇಳಿಯಲು ಅದರಲ್ಲಿ ಜಾಗ ಇದೆ. ಆದರೆ ಹಳ್ಳಿಯ ಹುಡುಗಿಗೆ ಅದು ಮನೆಯಿಂದ ಹೋಗಿ ಬರುವ ದೂರದಲ್ಲಿ ಸಿಗಬೇಕು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ತೆರೆದರೆ ಮಾತ್ರ ಅದು ಸಾಧ್ಯ. ಇಂಗ್ಲಿಷ್ ಮೇಡಂಗೆ ನಿನ್ನೆ ಅದನ್ನೇ ಹೇಳಿದೆ: ಎಷ್ಟು ವರ್ಷ ಅಂತ ಕೇಳಬೇಡಿ, ಆ ಕಾಲೇಜಿನವರು ಮಗಳನ್ನು ಯಾವ ಶಾಲೆಗೆ ಕಳಿಸುತ್ತಾರೆ, ಅಲ್ಲಿ ಅವಳ ಜೊತೆ ಯಾರು ಕೂರುತ್ತಾರೆ ಅಂತ ಕೇಳಿ. ಮೇಡಂ ಎರಡು ಕಡೆ ಫೋನ್ ಮಾಡಿ ಕೇಳಿದರು. ಎರಡೂ ಕಡೆ ಫೀಸು ಎಷ್ಟು ಅಂತ ಹೇಳಿದರು, ಇದಕ್ಕೆ ಮಾತ್ರ ಉತ್ತರ ಬರಲಿಲ್ಲ.

ಮುಂದಿನ ತಿಂಗಳು ನಮ್ಮ ಶಾಲೆಗೆ ಹೊಸ ತಂಡ ಬರುತ್ತಿದೆ. ಈ ಸಲ ಪತ್ರ ಮೊದಲೇ ಬಂದಿದೆ. ಹೆಡ್‌ಮಾಸ್ಟರ್ ಹತ್ತಿರ ಹೋಗಿ, ಗಣಿತಕ್ಕೆ ಇಬ್ಬರು ಸಾಕು, ಅವರನ್ನು ಡೇಟಾ ಎಂಟ್ರಿಗೆ ಕೂರಿಸಬೇಡಿ ಸರ್ ಅಂತ ಕೇಳಿಕೊಂಡೆ. ಒಪ್ಪಿದರು. ವಿಶೇಷ ತರಗತಿಯನ್ನು ಬುಧವಾರದಿಂದ ಶುಕ್ರವಾರಕ್ಕೆ ಹಾಕಿಸಿಕೊಂಡಿದ್ದೇನೆ. ಎಂಟನೇ ಕ್ಲಾಸಿನ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ಹದಿನಾಲ್ಕನ್ನು ಕೆಂಪು ಶಾಯಿ ತಾಗಿಸದೆ ತೆಗೆದಿಟ್ಟಿದ್ದೇನೆ. ಪಾಠಯೋಜನೆ ಬರೆಯುವ ಮೊದಲು ಅವರಿಬ್ಬರೂ ಅದನ್ನು ಓದಲಿ. ಅದರಲ್ಲಿ ಮೂರು ಮಕ್ಕಳು ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಅಂತ ಬರೆದಿದ್ದಾರೆ.